ಗುಂಪು ಸೇರದ ಚುಕ್ಕೆ

ಆಗಸ್ಟ್ 12, ಸೋಮವಾರ

ಇವತ್ತೂ ಮೆಸ್‌ನಲ್ಲಿ ಉಪ್ಪಿಟ್ಟು. ಇವತ್ತೂ ಬೈದುಕೊಂಡೇ ತಿಂದೆ. ಎಂಟೂವರೆಗೆ ತತ್ತ್ವಶಾಸ್ತ್ರ, ಹತ್ತಕ್ಕೆ ಫೀಲ್ಡ್‌ವರ್ಕ್, ಮಧ್ಯಾಹ್ನ ಸಂಗೀತ ಕೇಳುವ ಕ್ಲಾಸು. ಫೋನಿನಲ್ಲಿ ಅಪ್ಪನಿಗೆ ಟೈಮ್‌ಟೇಬಲ್ ಓದಿ ಹೇಳಿದೆ.

"ಚಂದನ, ಇದ್ರಲ್ಲಿ ಓದು ಯಾವ್ದು, ಟೈಂಪಾಸ್ ಯಾವ್ದು, ಬಿಡಿಸಿ ಹೇಳವ್ವ."

ಎಲ್ಲವೂ ಓದೇ ಅಂದೆ. ನಮ್ಮೂರು ಬೂದಿಗೆರೆಯಲ್ಲಿ ಯಾರೂ ನಂಬುವುದಿಲ್ಲ. ಹೋದ ವರ್ಷ ನಾನೂ ನಂಬಿರಲಿಲ್ಲ.

ಈಗ ನಂಬುತ್ತೇನೆ. ಇಡೀ ಕಾಲೇಜಿಗೆ ಇನ್ನೂರು ಚಿಲ್ಲರೆ ಜನ. ನಮ್ಮ ಕ್ಲಾಸಿಗೆ ಹನ್ನೆರಡು. ಪಿಯುಸಿಯಲ್ಲಿ ಒಂದು ಸೆಕ್ಷನ್ನಿಗೆ ತೊಂಬತ್ತು. ಲೆಕ್ಚರರಿಗೆ ನನ್ನ ಹೆಸರು ಗೊತ್ತಾಗಿದ್ದು ಹಾಲ್ ಟಿಕೆಟ್ ಕೊಡುವಾಗ. ಇಲ್ಲಿ ಫೀಲ್ಡ್‌ವರ್ಕ್ ಕಲಿಸುವ ಮಮತ ಮೇಡಂ ತಟ್ಟೆ ಹಿಡಿದು ನಮ್ಮ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತಾರೆ. ಕ್ಲಾಸಲ್ಲಿ ಏನಾದರೂ ಕೇಳಿದರೆ ಒಮ್ಮೊಮ್ಮೆ, "ನಂಗೂ ಗೊತ್ತಿಲ್ಲ. ನಾಳೆ ಓದ್ಕೊಂಡು ಬರ್ತೀನಿ, ನೀನೂ ಓದ್ಕೊಂಡು ಬಾ" ಅನ್ನುತ್ತಾರೆ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಟೀಚರನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ. ಅವರ ಹಾಗೆ ಆಗಬೇಕು. ಅಷ್ಟೆ.

ಈ ಸೆಮಿಸ್ಟರಿನ ಕೆಲಸ — ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರರ ಕಿವಿ. ವರ್ಷಗಟ್ಟಲೆ ಆ ಸದ್ದಿನಲ್ಲಿ ದುಡಿದರೆ ಕಿವಿಗೆ ಏನಾಗುತ್ತದೆ? ಒಬ್ಬೊಬ್ಬರು ಐದು ಜನರನ್ನು ಮಾತಾಡಿಸಿ ಫಾರಂ ತುಂಬಬೇಕು. ಒಟ್ಟು ಅರವತ್ತು. ಮೊದಲು ಮುಗಿಸುವವಳು ನಾನೇ... ಯಾವಾಗಲೂ ನಾನೇ.

ಆಗಸ್ಟ್ 22, ಗುರುವಾರ

ದೊಡ್ಡಬಳ್ಳಾಪುರಕ್ಕೆ ಹೋಗಿಬಂದೆವು. ಜೊತೆಗೆ ಸಂಘಮಿತ್ರ. ರೂಮ್‌ಮೇಟ್, ಕ್ಲಾಸ್‌ಮೇಟ್, ನಾನು ಮಳೆ ಬರುತ್ತಿದೆ ಅಂದರೂ "ಪ್ರೂಫ್ ಎಲ್ಲೇ?" ಅನ್ನುವವಳು. ಬೀದಿಯುದ್ದಕ್ಕೂ ಪವರ್‌ಲೂಮ್. ಸದ್ದು ಕಿವಿಗೆ ಬಡಿಯುವುದಿಲ್ಲ, ನೇರ ಎದೆಗೇ ಬಡಿಯುತ್ತದೆ. ಪ್ರತಿ ಮಾತನ್ನೂ ಕೂಗಿಯೇ ಆಡಬೇಕು. ಗಂಟಲು ಹೋಯಿತು.

ನನ್ನ ನಾಲ್ಕು ಜನರ ಫಾರಂ ಮುಗಿಯಿತು. ಐದನೆಯವರು ಮುನಿರತ್ನಮ್ಮ. ವಯಸ್ಸು ಐವತ್ತೆರಡು, ಇಪ್ಪತ್ತಾರು ವರ್ಷದಿಂದ ಮಗ್ಗ. ಇಷ್ಟನ್ನೂ ಹೇಳಿದ್ದು ಬಾಗಿಲಲ್ಲಿ ನಿಂತ ಸೊಸೆ. ಅವರು ಮಗ್ಗದ ಮುಂದಿನಿಂದ ಏಳುವಂತಿರಲಿಲ್ಲ. ನಮ್ಮ ಕಡೆ ನೋಡಿ ನಕ್ಕು ಕೈ ಎತ್ತಿದರು.

"ಬರೋ ಗುರ್ವಾರ ಮೂರ್ ಗಂಟೆಗೆ ಬನ್ನಿ ಅಕ್ಕ," ಅಂದಳು ಸೊಸೆ. "ಅತ್ತೆಗೆ ಮಗ್ಗ ನಿಲ್ಲಿಸ್ಕೊಂಡು ಇರಕ್ಕೆ ಹೇಳ್ತೀನಿ."

ಆಗಸ್ಟ್ 29, ಗುರುವಾರ, ಸಂಜೆ 4

ಹೋಗಲಿಲ್ಲ.

ಸಂಗೀತದ ಕ್ಲಾಸಲ್ಲಿ ಸರ್ ಒಂದು ಹಳೆಯ ರೆಕಾರ್ಡಿಂಗ್ ಹಾಕಿದರು. ವಾದ್ಯ ಇಲ್ಲ, ಬರೀ ಒಬ್ಬ ಮುದುಕಿಯ ದನಿ. ಮೂರು ಸಲ ಹಾಕಿದರು. ಮೊದಲ ಸಲ ಹಾಡು ಕೇಳಿಸಿತು. ಎರಡನೆಯ ಸಲ ಅವಳು ಉಸಿರು ತೆಗೆದುಕೊಳ್ಳುವುದು. ಮೂರನೆಯ ಸಲ ಎಲ್ಲೋ ಹಿಂದೆ ಯಾರೋ ಪಾತ್ರೆ ಕೆಳಗಿಡುವುದು. ಯಾರೂ ಏಳಲಿಲ್ಲ. ಇದಕ್ಕೇ ಅಲ್ಲವೇ ಈ ಕಾಲೇಜಿಗೆ ಬಂದಿದ್ದು! ಗಡಿಯಾರ ನೋಡಿದಾಗ ಗಂಟೆ ಎರಡೂ ಮುಕ್ಕಾಲು. ಎರಡೂವರೆ ಬಸ್ ಹೋಗಿತ್ತು. ಮುಂದಿನದು ನಾಲ್ಕಕ್ಕೆ. ಮುನಿರತ್ನಮ್ಮನ ಮನೆಯ ಫೋನ್ ನಂಬರ್ ತೆಗೆದುಕೊಂಡಿರಲಿಲ್ಲ.

ಆಗಸ್ಟ್ 30, ಶುಕ್ರವಾರ

ಫಾರಂ ಕೊಡಲು ಇವತ್ತೇ ಕೊನೆ. ಇನ್ನೆರಡು ದಿನ ಕೇಳಿದ್ದರೆ ಮೇಡಂ ಕೊಡುತ್ತಿದ್ದರು. ಕೇಳಲಿಲ್ಲ. ಚಂದನ ಟೈಮ್ ಕೇಳಿದಳು ಅನ್ನುವ ಮಾತು ಬೇಡವಾಗಿತ್ತು.

ಲೈಬ್ರರಿಯ ಹಿಂದಿನ ಮೇಜಿನಲ್ಲಿ ಕೂತು ಮುನಿರತ್ನಮ್ಮನ ಫಾರಂ ನಾನೇ ತುಂಬಿದೆ. ಎಲ್ಲಕ್ಕೂ 'ತೊಂದರೆ ಇದೆ' ಎಂದು ಬರೆದರೆ ಅನುಮಾನ ಬರುತ್ತದೆ. ನಿದ್ದೆ — ಸಾಧಾರಣ. ತಲೆನೋವು — ಆಗಾಗ. ಕಿವಿ — ಚೆನ್ನಾಗಿ ಕೇಳಿಸುತ್ತದೆ. ಹತ್ತು ನಿಮಿಷ ಹಿಡಿಯಿತು. ಅರವತ್ತರಲ್ಲಿ ಒಂದು. ಯಾರಿಗೆ ಏನು ಹೋಯಿತು?

ಸೆಪ್ಟೆಂಬರ್ 11, ಬುಧವಾರ



ಮೇಡಂ ಗೋಡೆಗೆ ದೊಡ್ಡ ಗ್ರಾಫ್ ಹಾಳೆ ಅಂಟಿಸಿದ್ದರು. ಅಡ್ಡಕ್ಕೆ ಎಷ್ಟು ವರ್ಷದ ಕೆಲಸ, ಉದ್ದಕ್ಕೆ ಕಿವಿಗೆ ಎಷ್ಟು ತೊಂದರೆ. ಒಬ್ಬೊಬ್ಬರೇ ಎದ್ದು ತಮ್ಮ ಐದು ಚುಕ್ಕೆ ಇಟ್ಟೆವು. ವರ್ಷ ಏರಿದ ಹಾಗೆ ಚುಕ್ಕೆಗಳೂ ಮೇಲೇರಿದವು. ಒಂದು ಮಾತ್ರ ಕೆಳಗೆ ಬಲಮೂಲೆಯಲ್ಲಿ, ಯಾರ ಗುಂಪಿಗೂ ಸೇರದೆ. ನನ್ನದು.

ಮೇಡಂ ಅದರ ಮುಂದೆಯೇ ನಿಂತುಬಿಟ್ಟರು. "ಯಾರಿವ್ರು? ಇಪ್ಪತ್ತಾರು ವರ್ಷ ಆ ಸದ್ದಲ್ಲಿದ್ರೂ ಏನೂ ಆಗಿಲ್ಲ! ಉಳಿದ ಐವತ್ತೊಂಬತ್ತು ಜನ ಹೇಳಿದ್ದನ್ನ ನಾವು ಮೊದ್ಲೇ ಊಹಿಸಿದ್ವಿ. ಹೊಸದೇನಾದ್ರೂ ಕಲಿಯೋದಿದ್ರೆ ಇವ್ರಿಂದಲೇ."

ಆಮೇಲೆ ಶುರುವಾಯಿತು. ಭಾನುಪ್ರಕಾಶ್, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿರಬಹುದು ಅಂದ. ಸಂಘಮಿತ್ರ ಬೋರ್ಡಿನ ಮೇಲೆ ಮನೆಯ ನಕ್ಷೆ ಬರೆದು, ಬಾಗಿಲ ಪಕ್ಕದ ಮಗ್ಗವಾದರೆ ಸದ್ದು ಹೊರಗೆ ಹೋಗುತ್ತದೆ ಎಂದು ವಾದಿಸಿದಳು. ಇಂಥ ಚೆಂದದ ಕ್ಲಾಸು ಈ ವರ್ಷ ಆಗಿರಲಿಲ್ಲ. ನನ್ನ ಸುಳ್ಳಿನ ಮೇಲೆ ಹನ್ನೊಂದು ಒಳ್ಳೆಯ ತಲೆಗಳು ಒಂದು ಗಂಟೆ ದುಡಿದವು.

ಕೊನೆಗೆ ಮೇಡಂ, "ಚಂದನ, ಓಪನ್ ಡೇ ದಿನ ಹೊರಗಿನವ್ರ ಮುಂದೆ ಇವ್ರ ಬಗ್ಗೆ ನೀನೇ ಮಾತಾಡು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ನಕ್ಕೆನಲ್ಲ!

ಸೆಪ್ಟೆಂಬರ್ 13, ಶುಕ್ರವಾರ

ಮೇಡಂಗೆ ಒಂದು ನಿಯಮ ಇದೆಯಂತೆ. ಲೆಕ್ಕಕ್ಕೆ ಇಳಿಯುವ ಮೊದಲು ಪ್ರತಿ ಮನೆಗೂ ವಾಪಸ್ ಹೋಗಿ, ಅವರ ಉತ್ತರ ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆದು ಬರಬೇಕು. "ಮಾತು ಅವ್ರದ್ದು. ನಾವು ಹೊತ್ಕೊಂಡು ಬಂದಿದೀವಿ ಅಷ್ಟೆ. ದಾರೀಲಿ ಏನಾದ್ರೂ ಬೀಳಿಸಿದೀವಾ ಅಂತ ಅವ್ರೇ ನೋಡಿ ಹೇಳ್ಬೇಕು."

ಎಂಥ ಮಾತು! ಬೇರೆ ಯಾವಾಗಲಾದರೂ ಆಗಿದ್ದರೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದೆ. ಹೇಳಿದ್ದು ಎಲ್ಲರಿಗೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೊಬ್ಬಳೇ.

ಸೆಪ್ಟೆಂಬರ್ 19, ಗುರುವಾರ

ಸಂಘಮಿತ್ರಳನ್ನು ಅವಳ ಮನೆಗಳಿಗೆ ಕಳಿಸಿ ಒಬ್ಬಳೇ ಹೋದೆ. ಮುನಿರತ್ನಮ್ಮ ಮಗ್ಗ ನಿಲ್ಲಿಸಿ ಚಾಪೆ ಹಾಸಿದರು. ತಲೆ ತಗ್ಗಿಸಿ ಫಾರಂ ಓದಿದೆ. ಒಂದೊಂದು ಉತ್ತರಕ್ಕೂ ತಲೆಯಾಡಿಸಿದರು. ನಿದ್ದೆಗೂ, ತಲೆನೋವಿಗೂ. ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಓದಿದಾಗಲೂ.

"ಎಲ್ಲಾ ಸರಿಯಾಗೈತೆ ಕಣವ್ವ," ಅಂದರು. ಸಹಿ ಹಾಕಿದರು.

ಬಚಾವಾದೆ ಅನ್ನಿಸಿತು. ಮೊದಲು ಅನ್ನಿಸಿದ್ದು ಇದು, ಬರೆದಿಡುತ್ತೇನೆ. ಊಹಿಸಿದ್ದೇ ನಿಜವಾಯಿತಲ್ಲ ಎಂದು ಒಂದು ಕ್ಷಣ ಹೆಮ್ಮೆಯೂ ಪಟ್ಟೆ.

ಸೊಸೆ ಮಜ್ಜಿಗೆ ತಂದಳು. "ಏನಂದ್ರು ಅತ್ತೆ?"

"ಎಲ್ಲಾ ಸರಿ ಅಂದ್ರು."

"ಅಯ್ಯೋ, ನೀವು ಓದಿದ್ದು ಅವ್ರಿಗೆಲ್ಲಿ ಕೇಳುಸ್ತದೆ ಅಕ್ಕ? ಕಿವಿ ಹೋಗಿ ಹತ್ ವರ್ಷ ಆಯ್ತು. ಕಾಲೇಜ್ ಹುಡ್ಗಿ ಓದ್ತಾವ್ಳೆ, ಬ್ಯಾಸ್ರ ಮಾಡ್ಕತಾಳೆ ಅಂತ ತಲೆ ಆಡ್ಸವ್ರೆ." ಗ್ಲಾಸು ಕೈಗಿಟ್ಟು ಮುಂದುವರಿಸಿದಳು: "ಆವತ್ತು ಗುರ್ವಾರ ನೀವು ಬತ್ತೀರ ಅಂತ ಸೀರೆ ಬದ್ಲಾಯ್ಸ್ಕೊಂಡು ಸಂಜೆಗಂಟ ಕಾದ್ರು."

ಮಜ್ಜಿಗೆ ಕುಡಿದೆನೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಸೀಟಿನವರು ಕಿಟಕಿ ಬಿಟ್ಟುಕೊಟ್ಟರು.

ಸೆಪ್ಟೆಂಬರ್ 20, ಶುಕ್ರವಾರ

ಸಹಿ ಇದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಇದನ್ನೇ ಯೋಚಿಸಿದೆ. ಒಂಬತ್ತೂ ಹತ್ತಕ್ಕೆ ಮೇಡಂ ರೂಮಿಗೆ ಹೋಗಿ ಹೇಳಿಬಿಟ್ಟೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದ್ರಲ್ಲಿ ನಿಜ ಯಾವ್ದು?"

"ಹೆಸ್ರು, ವಯಸ್ಸು, ಎಷ್ಟು ವರ್ಷದ ಕೆಲ್ಸ. ಅಷ್ಟೇ ಮೇಡಂ."

ಕನ್ನಡಕ ಮತ್ತೆ ಹಾಕಿಕೊಂಡರು. "ಆ ಚುಕ್ಕೆ ನಂಗೆ ತುಂಬಾ ಇಷ್ಟ ಆಗಿತ್ತು, ಚಂದನ. ಇಷ್ಟ ಆಯ್ತು ಅಂತಲೇ ಅನುಮಾನ ಪಡ್ಲಿಲ್ಲ. ಅದು ನನ್ನ ತಪ್ಪು, ಕ್ಲಾಸಲ್ಲಿ ನಾನು ಹೇಳ್ತೀನಿ. ನಿನ್ನದನ್ನ ನೀನು ಹೇಳು."

ಮಾರ್ಕ್ಸ್ ಹೋಗುತ್ತದೆ. ಓಪನ್ ಡೇಯಲ್ಲಿ ನಾನಿಲ್ಲ. ಬಾಗಿಲು ದಾಟುವಾಗ ಕೇಳಿದರು: "ಮುನಿರತ್ನಮ್ಮಂಗೆ ಹೇಳಿದ್ಯಾ?"

"ಇಲ್ಲ ಮೇಡಂ."

"ಮೊದ್ಲು ನನ್ಹತ್ರ ಬಂದ್ಬಿಟ್ಯಾ?"



ಸೆಪ್ಟೆಂಬರ್ 23, ಸೋಮವಾರ

ಎದ್ದು ನಿಂತು ಹೇಳಿದೆ. ಮೂರು ವಾಕ್ಯ. ನಿನ್ನೆಯೆಲ್ಲ ಅಭ್ಯಾಸ ಮಾಡಿದ್ದು ಎರಡು ಪುಟ. ಮೇಡಂ ಮಾರ್ಕರ್ ಕೊಟ್ಟರು. ನನ್ನ ಚುಕ್ಕೆಯ ಮೇಲೆ ನಾನೇ ಗೀಟು ಹಾಕಿದೆ. ಆಮೇಲೆ ಮೇಡಂ ನಾನು ನಿಂತ ಜಾಗದಲ್ಲೇ ನಿಂತು ತಮ್ಮ ತಪ್ಪು ಹೇಳಿದರು. ಇಪ್ಪತ್ತು ವರ್ಷ ಪಾಠ ಮಾಡಿದವರು, ಹನ್ನೆರಡು ಹುಡುಗರ ಮುಂದೆ. ಇವರ ಮೇಲಿನ ಗೌರವ ಕಡಿಮೆಯಾಗಲು ಸಾಧ್ಯವೇ ಇಲ್ಲವೇನೋ.

"ಹಂಗಾದ್ರೆ ನನ್ನ ಹತ್ತಿ ಥಿಯರಿ ಗೋವಿಂದ," ಅಂದ ಭಾನುಪ್ರಕಾಶ್. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಊಟದ ಹೊತ್ತಿಗೆ ಸಂಘಮಿತ್ರ ತಟ್ಟೆ ಹಿಡಿದು ಎದುರಿಗೆ ಬಂದು ಕೂತಳು. ಆಮೇಲೆ ಅಂದಳು: "ಎಲ್ಲಕ್ಕೂ ಪ್ರೂಫ್ ಕೇಳ್ತೀನಿ. ನಿನ್ನ ಫಾರಂ ಒಂದಕ್ಕೇ ಕೇಳಿರ್ಲಿಲ್ಲ ಕಣೇ." ಏಟು ಬಿತ್ತು. ಬೀಳಲೇಬೇಕಿತ್ತು.

ಸೆಪ್ಟೆಂಬರ್ 26, ಗುರುವಾರ, ಸಂಜೆ 5:40, ದೊಡ್ಡಬಳ್ಳಾಪುರ ಬಸ್‌ಸ್ಟ್ಯಾಂಡ್

ಮೂರಕ್ಕೆ ಹದಿನೈದು ನಿಮಿಷ ಮೊದಲೇ ಹೋಗಿದ್ದೆ. ಹೊಸ ಫಾರಂ ಹಿಡಿದು, ಅದನ್ನೇ ನೋಡುತ್ತಾ ತಪ್ಪೊಪ್ಪಿಗೆ ಶುರು ಮಾಡಿದೆ. ಮುನಿರತ್ನಮ್ಮ ಕೈಚಾಚಿ ಫಾರಂ ಕಿತ್ತುಕೊಂಡು ಪಕ್ಕಕ್ಕಿಟ್ಟರು.

"ಕಾಗ್ದ ನೋಡ್ಕೊಂಡು ಮಾತಾಡಿದ್ರೆ ನಂಗೆ ತಿಳಿಯಾಕಿಲ್ಲ ಮಗ. ಮಖ ಎತ್ತು."

ಮಗ್ಗದವರಿಗೆ ತುಟಿ ನೋಡಿಯೇ ಮಾತು ತಿಳಿಯುತ್ತದಂತೆ. ಆ ಸದ್ದಿನಲ್ಲಿ ಕಿವಿ ಇದ್ದವರಿಗೂ ಅದೇ ದಾರಿ ಎಂದು ಸೊಸೆ ಹೇಳಿದಳು. ನಾಲ್ಕು ಜನರ ಫಾರಂ ತುಂಬಿದವಳಿಗೆ ಇಷ್ಟೂ ಗೊತ್ತಿರಲಿಲ್ಲ.

ಮುಖ ಎತ್ತಿ ಹೇಳಿದೆ. ಅವತ್ತು ಬರಲಿಲ್ಲ, ನಿಮ್ಮ ಮಾತನ್ನು ನಾನೇ ಬರೆದೆ, ತಪ್ಪಾಯಿತು. ಕೊನೆಯವರೆಗೂ ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಏನಂತ ಬರ್ದಿದ್ದೆ?"

"ಕಿವಿ ಚೆನ್ನಾಗಿ ಕೇಳ್ಸುತ್ತೆ ಅಂತ."

ನಕ್ಕರು. ಮೈಯೆಲ್ಲ ಕುಲುಕಿ ನಕ್ಕರು, ಸೊಸೆಯೂ ಸೇರಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗೇ ಇರ್ಲಿ ಬಿಡು ಅನ್ನುಸ್ತದೆ" ಅಂದರು. ಪಕ್ಕಕ್ಕಿಟ್ಟಿದ್ದ ಫಾರಂ ಎತ್ತಿ ನನ್ನ ಕೈಗಿಟ್ಟರು. "ಬ್ಯಾಡ. ಕೇಳು. ಒಂದನೇದು ಏನು?"

ಒಂದನೆಯದು — ಹಿಂದಿನಿಂದ ಯಾರಾದರೂ ಕರೆದರೆ ಕೇಳಿಸುತ್ತದೆಯೇ?

"ನನ್ನ ಯಾರೂ ಹಿಂದಿಂದ ಕರಿಯಾಕಿಲ್ಲ ಮಗ. ಈ ಮನೇಲಿ ಎಲ್ರೂ ಮುಂದೆ ಬಂದು ನಿಂತ್ಕತಾರೆ."

ಫಾರಮ್ಮಿನಲ್ಲಿ ಹೌದು, ಇಲ್ಲ, ಎರಡೇ ಚೌಕ. ಅವರು ಅಂದದ್ದನ್ನು ಅಂದ ಹಾಗೆಯೇ ಅಂಚಿನಲ್ಲಿ ಬರೆದುಕೊಂಡೆ. ಮುಖ ಎತ್ತಿ ಎರಡನೆಯದು ಕೇಳಿದೆ. ಅದಕ್ಕೆ ಅವರು — ಬಸ್ ಬಂತು, ಉಳಿದದ್ದು ರೂಮಿಗೆ ಹೋಗಿ.