ಪೆಂಗ್ವಿನ್ ಜೊತೆ ಅಪ್ಪನ ಜಗಳ

ಶಿರಸಿ
ಫೆಬ್ರವರಿ ೯, ೨೦೨೫

ಪ್ರೀತಿಯ ಆಯಿಗೆ,

ಹೆದರಬೇಡ, ಕೆಟ್ಟ ಸುದ್ದಿಯಲ್ಲ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ, ಮೊದಲೇ ಬರೆದುಬಿಡುತ್ತೇನೆ: ಮೊನ್ನೆ ಗುರುವಾರ ಅಪ್ಪ ಮಾತಾಡಿದ. ಬಾಯಿ ಬಿಟ್ಟು, ಗಟ್ಟಿಯಾಗಿ, ಸಿಟ್ಟಿನಿಂದ ಮಾತಾಡಿದ. ಈಗ ಒಂದು ಲೋಟ ನೀರು ಕುಡಿದು ಮುಂದೆ ಓದು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಮಾಡಿದರೆ ಏನಾಗುತ್ತದೆಂದು ಗೊತ್ತು. ಅಪ್ಪನ ಸುದ್ದಿ ಎತ್ತಿದ ಕೂಡಲೇ "ನಿಂದು ಊಟ ಆತಾ?" ಎಂದು ಕೇಳುತ್ತೀ. ಆತು ಎನ್ನುವಷ್ಟರಲ್ಲಿ ನಿನ್ನ ಯಲ್ಲಾಪುರದ ಹಾಸ್ಟೆಲ್ಲಿನಲ್ಲಿ ಯಾವುದೋ ಹುಡುಗಿಗೆ ಜ್ವರ ಬಂದಿರುತ್ತದೆ, ವಾರ್ಡನ್ ಆದ ನೀನು ಓಡಬೇಕಾಗುತ್ತದೆ. ಕಾಗದವಾದರೆ ಸಿಟ್ಟಿನಲ್ಲಿ ಮಡಚಿಟ್ಟರೂ ಮತ್ತೆ ತೆಗೆದು ಓದುತ್ತೀ.

ಅಪ್ಪನಿಗೆ ಸ್ಟ್ರೋಕ್ ಆದಾಗ ನೀನು ಹುಬ್ಬಳ್ಳಿಯ ಆಸ್ಪತ್ರೆಗೆ ಬಂದು, ಕೋಣೆಯ ಬಾಗಿಲಲ್ಲೇ ನಿಂತು, ಅಪ್ಪ ನಿದ್ದೆಯಲ್ಲಿದ್ದಾಗ ನೋಡಿ ಹೊರಟುಹೋದೆ. ಆಮೇಲಿನದು ನಿನಗೆ ಪೂರ್ತಿ ಹೇಳಿಲ್ಲ. ಕಾಲು ಬೇಗ ಸರಿಯಾಯಿತು. ಬಲಗೈ ಸ್ವಲ್ಪ ಸೋತಿದೆ. ಮಾತು ಮಾತ್ರ ಹೋಯಿತು. ಎದುರಿನವರು ಹೇಳಿದ್ದು ತಿಳಿಯುತ್ತದೆ, ಓದಿದ್ದೂ ತಿಳಿಯುತ್ತದೆ, ಹೇಳಹೋದರೆ ಶಬ್ದ ಬಾರದು. ಮೊದಲ ಕೆಲವು ತಿಂಗಳಲ್ಲಿ ಬಂದರೆ ಬಂತು, ಆಮೇಲೆ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ನಿನಗೆ "ಸುಧಾರಿಸ್ತಾ ಇದ್ದ" ಎಂದು ಹೇಳುತ್ತಿದ್ದೆನಲ್ಲ, ಹೇಳಿ ಫೋನಿಟ್ಟು ಅಳುತ್ತಿದ್ದೆ.

ಆಡಲೇಬೇಕಾದ ಕಾಲದಲ್ಲಿ ಆಡದ ಮನುಷ್ಯನಿಗೆ ಈಗ ಮಾತು ಹೋದರೇನು, ಇದ್ದರೇನು ಎಂದು ನಿನಗೆ ಅನ್ನಿಸಿದ್ದರೆ ನಿನ್ನ ತಪ್ಪಿಲ್ಲ. ಅಡಿಕೆ ವಖಾರಿಯಲ್ಲಿ ಇಡೀ ದಿನ ಮಾಲು ನೋಡಿ, ಇದು ಇಂಥ ಜಾತಿ, ಅದು ಅಂಥದ್ದು ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಅಪ್ಪ ಮನೆ ಮೆಟ್ಟಿಲು ಹತ್ತಿದರೆ ಬಾಯಿಗೆ ಬೀಗ. ನೀನು ಬೈದರೂ ಇಲ್ಲ, ಅತ್ತರೂ ಇಲ್ಲ, ಎದ್ದು ಜಗಲಿಗೆ ಹೋಗುತ್ತಿದ್ದ. "ಗೋಡೆ ಜೊತಿಗೆ ಸಂಸಾರ ಮಾಡಿದ್ದು ಸಾಕು" ಎಂದು ನೀನು ಚೀಲ ತುಂಬಿದ ದಿನವೂ ಜಗಲಿಯಲ್ಲೇ ಕೂತಿದ್ದ.

ಇನ್ನು ನನ್ನ ಕಿತಾಪತಿಗೆ ಬರುತ್ತೇನೆ. ನವೆಂಬರಿನಲ್ಲಿ ನಿನ್ನಿಂದ ಫೋನಿನಲ್ಲಿ ಒಂದು ಸಾಲು ಹೇಳಿಸಿ ರೆಕಾರ್ಡ್ ಮಾಡಿಕೊಂಡೆನಲ್ಲ, ನಾನು ಕಲಿಸುವ ಶಾಲೆಯ ಮಕ್ಕಳ ಕಂಪ್ಯೂಟರ್ ಆಟಕ್ಕೆ ಎಂದು? ಆಟ ಶಾಲೆಯದೇ. ಆಡುವವನು ಮಾತ್ರ ಅಪ್ಪ.

ನಮ್ಮ ಶಾಲೆಯ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವವು. ಅದರಲ್ಲಿ ಆಟಗಳು ರಾಶಿ ರಾಶಿ, ಎಲ್ಲ ಪುಕ್ಕಟೆ. ಹಿಮದ ಮೇಲೆ ಪೆಂಗ್ವಿನ್ ಜಾರುತ್ತ ಮೀನು ಹೆಕ್ಕುವುದು, ಗುಳ್ಳೆ ಒಡೆಯುವುದು, ಚದುರಂಗ, ಇಸ್ಪೀಟು, ಏನು ಬೇಕು ಹೇಳು. ಪುಟ್ಟ ಮಕ್ಕಳಿಗೆ ಒಂದು ಚಿತ್ರದ ಆಟವಿದೆ. ಮೇಲೆ ಒಂದು ಚಿತ್ರ ಬರುತ್ತದೆ, ಕೆಳಗೆ ಮೂರು ಹೆಸರು. ಸರಿಯಾದದ್ದನ್ನು ಒತ್ತಿದರೆ ಮೂಲೆಯ ಪೆಂಗ್ವಿನ್ ಕುಣಿದು ಆ ಹೆಸರು ಹೇಳುತ್ತದೆ. ತಪ್ಪಿದರೆ ತಲೆ ಅಲ್ಲಾಡಿಸಿ ಬೈಯುತ್ತದೆ. ಚಿತ್ರ ತೋರಿಸಿ ಹೆಸರು ಹೇಳಿಸಿ ಎಂದು ಅಪ್ಪನಿಗೆ ಮಾತು ಕಲಿಸುವ ಮೇಡಂ ಹೇಳಿದ್ದರಿಂದ, ಶಾಲೆಯಲ್ಲಿ ಮೂಲೆಗೆ ಬಿದ್ದ ಒಂದು ಹಳೇ ಲ್ಯಾಪ್‌ಟಾಪಿಗೆ ಆ ಆಟ ಹಾಕಿ ತಂದೆ.

ಮೊದಲ ದಿನವೇ ಅಪ್ಪ ಕುರ್ಚಿ ತಿರುಗಿಸಿ ಕೂತ. ಚಿತ್ರಗಳಲ್ಲಿ ಹಿಮದ ಮನೆಯಂತೆ, ಜೀಬ್ರಾ ಅಂತೆ. ತಪ್ಪು ಮಾಡಿದರೆ ಯಾವುದೋ ಗಂಡಸು ಪೊಲೀಸಿನವರ ಹಾಗೆ "ತಪ್ಪು ಉತ್ತರ!" ಎನ್ನುತ್ತಿದ್ದ. ಯಾರಿಗೆ ಸಿಟ್ಟು ಬರುವುದಿಲ್ಲ?

ಆದರೆ ಈ ಆಟಗಳನ್ನು ಮಾಡಿದವರು ಪುಣ್ಯಾತ್ಮರು ಆಯಿ, ಬಾಗಿಲು ತೆರೆದೇ ಇಟ್ಟಿರುತ್ತಾರೆ. ಚಿತ್ರ, ದನಿ, ಹೆಸರು ಎಲ್ಲ ಬೇರೆ ಬೇರೆ ಫೋಲ್ಡರಿನಲ್ಲಿ, ಯಾರು ಬೇಕಾದರೂ ತೆಗೆದು ತಮ್ಮದನ್ನು ಹಾಕಬಹುದು. ಯಾರನ್ನೂ ಕೇಳಬೇಕಿಲ್ಲ. ಜೀಬ್ರಾ ತೆಗೆದು ನಮ್ಮ ಕೊಟ್ಟಿಗೆಯ ಕರು ಹಾಕಿದೆ. ಕೊಡೆ, ಸೈಕಲ್ಲು, ಎಲೆಯಡಿಕೆಯ ಕವಳದ ಬಟ್ಟಲು, ದೋಸೆ ಕಾವಲಿ ಎಲ್ಲದರ ಫೋಟೋ ತೆಗೆದು ಹಾಕಿದೆ. ಹೆಸರುಗಳನ್ನು ನಾನೇ ಹೇಳಿದೆ. ಪೊಲೀಸನನ್ನು ಓಡಿಸಿ ನಿನ್ನ ಸಾಲು ಕೂರಿಸಿದೆ: "ಅಲ್ದೋ, ಇನ್ನೊಂದ್ಸಲ ನೋಡು."

ಮೊದಲ ಸಲ ನಿನ್ನ ದನಿ ಬಂದಾಗ ಅಪ್ಪ ಬಾಗಿಲ ಕಡೆ ನೋಡಿದ. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿದ್ದನ್ನೇ ತೊಳೆದೆ. ಹೊರಗೆ ಬರುವಾಗ ಅವನು ಪರದೆಯ ಎದುರಿಗೇ ಕೂತಿದ್ದ. ನೀನು ಮಕ್ಕಳಿಗೆಂದು ಹೇಳಿದ "ನೋಡು" ಅವನಿಗೇ ಸಲ್ಲುತ್ತಿತ್ತು. ಮದುವೆಯಾದಂದಿನಿಂದ ನಿನ್ನ ಬಾಯಲ್ಲಿ ಬಹುವಚನವನ್ನೇ ಕೇಳಿದವನಿಗೆ ಆದ ಈ ಶಾಸ್ತಿ ನೆನೆದು ನನಗೆ ಒಳಗೊಳಗೇ ನಗು.

ಅಂದಿನಿಂದ ದಿನವೂ ಆಡುತ್ತಿದ್ದ, ಎಡಗೈಯಲ್ಲಿ. ಆದರೆ ಮಾತಿಲ್ಲ.

ಗುರುವಾರ ಶೌಕತ್ ಕಾಕಾ ಬಂದಿದ್ದರು. ಅದೇ, ವಖಾರಿಯಿಂದ ಅಪ್ಪನ ಮಾಲು ಹೊರುವ ಲಾರಿಯವರು. ಆಟದಲ್ಲಿ ಹೊಸ ಚಿತ್ರ ಇರಲಿ ಎಂದು ನಾನು ಹಿಂದಿನ ದಿನ ಸುಲಿದ ಅಡಿಕೆಯ ಫೋಟೋ ಹಾಕಿದ್ದೆ. ಚಾಲಿಗೂ ಬಿಳಿಗೋಟಿಗೂ ವ್ಯತ್ಯಾಸ ತಿಳಿಯದ ಮಗಳು ನಾನು. ಎರಡೂ ಒಣಗಿಸಿ ಸುಲಿದ ಬಿಳಿ ಅಡಿಕೆಯೇ ತಾನೇ? ಚೊಕ್ಕ ಚಾಲಿಯ ಚಿತ್ರಕ್ಕೆ ಬಿಳಿಗೋಟು ಎಂಬ ಕೀಳು ಮಾಲಿನ ಹೆಸರನ್ನು ಸರಿಯುತ್ತರವೆಂದು ಕೊಟ್ಟುಬಿಟ್ಟಿದ್ದೆ.

ಅಪ್ಪ ಚಾಲಿ ಒತ್ತಿದ. ಪೆಂಗ್ವಿನ್ ತಲೆ ಅಲ್ಲಾಡಿಸಿತು. "ಅಲ್ದೋ, ಇನ್ನೊಂದ್ಸಲ ನೋಡು" ಎಂದೆ ನೀನು. ಅವನು ಬಗ್ಗಿ ನೋಡಿ ಮತ್ತೆ ಚಾಲಿ ಒತ್ತಿದ. "ಅಲ್ದೋ" ಎಂದೆ. ಮತ್ತೆ ಒತ್ತಿದ. ಮತ್ತೆ "ಅಲ್ದೋ". ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಮತ್ತೇನಾದರೂ ಆಯಿತೋ ಎಂದು ನಾನು ಓಡಿದೆ. ಅಷ್ಟರಲ್ಲಿ ಅಪ್ಪ ಮೇಜು ಗುದ್ದಿದ.

"ಚಾಲಿ!"

ಕಾಕಾನ ಕೈಯಲ್ಲಿದ್ದ ಚಹಾ ಚೆಲ್ಲಿತು. ಅಪ್ಪ ನಮ್ಮನ್ನು ನೋಡಲೇ ಇಲ್ಲ. ಪೆಂಗ್ವಿನ್ನಿಗೆ ಬೆರಳು ತೋರಿಸಿ, ತಡವರಿಸುತ್ತ, ಒಂದೊಂದೇ ಶಬ್ದ ಎಳೆದು ಹೇಳಿದ: "ಗೋಟು... ಅಲ್ದೇ. ಚಾಲಿ... ಅದು."

"ಅರೇ ತಿಮ್ಮಣ್ಣ, ನಿಂದೇ ಖರೆ, ಪಕ್ಕಾ ಚಾಲಿ ಅದು!" ಎಂದು ಕಾಕಾ ಎದ್ದು ನಿಂತು ಅತ್ತರು. ಅವರು ಅತ್ತದ್ದು ನೋಡಿ ನಾನು ಅತ್ತೆ. ಅಪ್ಪ ನಮ್ಮಿಬ್ಬರನ್ನೂ ಹುಚ್ಚರನ್ನು ನೋಡಿದ ಹಾಗೆ ನೋಡಿ, ಮತ್ತೊಮ್ಮೆ, ಈ ಸಲ ಸಮಾಧಾನದಿಂದ, "ಚಾಲಿ" ಎಂದ.

ಅಂದು ನಾನು ಎಷ್ಟು ಹಗುರಾಗಿದ್ದೆ ಎಂದರೆ ಅನ್ನಕ್ಕೆ ನೀರಿಡುವುದನ್ನೇ ಮರೆತೆ. ನಿನ್ನೆ ಮೇಡಂ ಬಂದು ಪರೀಕ್ಷೆ ಮಾಡಿದರು. ದಾರಿ ತೆರೆದಿದೆ, ಇನ್ನು ನಿಧಾನಕ್ಕೆ ಬರುತ್ತದೆ ಎಂದರು. ನನ್ನನ್ನು "ದೀಕ್ಷಿ" ಎಂದು ಕರೆಯುತ್ತಾನೆ. "ಚಾ" ಎನ್ನುತ್ತಾನೆ. ನಾನು ಅಡಿಕೆಯ ಹೆಸರು ತಿದ್ದಿದ್ದೇನೆ.

ನಾನು ನಿನ್ನನ್ನು ವಾಪಸ್ಸು ಬಾ ಎಂದು ಕರೆಯುತ್ತಿಲ್ಲ. ನಿನ್ನ ಹಾಸ್ಟೆಲ್ಲು, ನಿನ್ನ ಹುಡುಗಿಯರು, ನಿನ್ನ ಕೋಣೆಯ ಗಾಳಿ ಬೆಳಕು ಎಲ್ಲ ನೋಡಿದ್ದೇನೆ, ಚೆನ್ನಾಗಿದ್ದೀ. ಇಷ್ಟು ಮಾತ್ರ ನಿನಗೆ ತಿಳಿಯಲಿ: ಇಷ್ಟು ವರ್ಷ ಒಂದಕ್ಕೂ ಉತ್ತರ ಕೊಡದ ಮನುಷ್ಯ, ಮಾತು ತಿರುಗಿ ಬಂದಾಗ ಮೊದಲು ಎದುರಾಡಿದ್ದು ನಿನಗೆ.

ನಿನ್ನ ಕಿತಾಪತಿಯ ಮಗಳು,
ದೀಕ್ಷಿತಾ

ತಾ.ಕ.: ಕಾಗದ ಮಡಚುವ ಮೊದಲು ಇದನ್ನೂ ಬರೆಯಲೇಬೇಕು. ಮೇಡಂ ಕಾಗದದ ಮೇಲೆ ಅವೇ ಹೆಸರುಗಳನ್ನು ಕೊಟ್ಟಾಗ ಅಪ್ಪ ಒಂದೂ ತಪ್ಪಿಲ್ಲದೆ ಗುರುತಿಸಿದ. ಮನೆಯ ಆಟದಲ್ಲಿ ಮಾತ್ರ ತಪ್ಪೋ ತಪ್ಪು. ಯಾಕೆಂದು ಇವತ್ತು ಬಾಗಿಲ ಹಿಂದೆ ನಿಂತು ನೋಡಿದೆ. ಕೊಡೆಯ ಚಿತ್ರ ಬಂತು. ಅಪ್ಪ ಬೇಕೆಂದೇ ಸೈಕಲ್ಲು ಒತ್ತಿ, ಕೈ ಕಟ್ಟಿ ಕಾದ. "ಅಲ್ದೋ, ಇನ್ನೊಂದ್ಸಲ ನೋಡು" ಎಂದೆ ನೀನು. "ಹೂಂ," ಎಂದ ಅಪ್ಪ, "ನೋಡ್ತೆ."