ಬಾಣಂತಿ ಮಾಬೂಸಾಬ ಅಜ್ಜನವರಿಗೆ, ಮೆಣಸಿನಕಾಯಿ ಗೋದಾಮಿನ ವಿಳಾಸಕ್ಕೆ

ಫೆಬ್ರವರಿ ೩೦, ೨೧೮೭
(ಹೌದು, ಮೂವತ್ತು. ನಾವು ಸೇರಿಸಿಕೊಂಡಿದ್ದೇವೆ.)

ಶ್ರೀಮಾನ್ ಬಾಣಂತಿ ಮಾಬೂಸಾಬ ಅಜ್ಜನವರ ಸನ್ನಿಧಾನಕ್ಕೆ, ಈಗ ನಿಮ್ಮ ಎದೆಯ ಮೇಲೆ ಮಲಗಿರುವ ಕೂಸಿನ ಮರಿಮೊಮ್ಮಗಳ ಮಗಳು, ನಿಮ್ಮ ಹೆಸರನ್ನೇ ಹೊತ್ತ ಮಾಬವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಲಾರಿ ಹೊಡೆಯುವ ಗಂಡಸನ್ನು ಬಾಣಂತಿ ಎಂದದ್ದು ಅಪಹಾಸ್ಯವಲ್ಲ; ನಮ್ಮ ಕಾಲದಲ್ಲಿ ಅದೊಂದು ಬಿರುದು.

ಯುದ್ಧ ಬಂದಾಗ ಹೆರಿಗೆ ಆಸ್ಪತ್ರೆಯನ್ನು ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ಸಾಗಿಸಿದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಗೋಡೆ ದಪ್ಪ, ಬಾಂಬಿಗೂ ಜಗ್ಗದು. ಘಾಟು ಮಾತ್ರ ಏನು ಮಾಡಿದರೂ ಹೋಗದು. ಅಲ್ಲಿ ಹುಟ್ಟಿದ ಕೂಸುಗಳು ಮೊದಲು ಸೀನಿ ಆಮೇಲೆ ಅತ್ತವಂತೆ. ದೃಷ್ಟಿ ತೆಗೆಯುವ ಕೆಲಸವಂತೂ ಯಾರಿಗೂ ಬೀಳಲಿಲ್ಲ.

ನಿಮ್ಮ ಲೆಕ್ಕದ ನಿನ್ನೆ ಕರೆಂಟು ಹೋಗಿ, ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ತಣ್ಣಗಾದವು. ಈ ಕೂಸಿನ ತಾಯಿ ನೀಲವ್ವ ದಿನ ತುಂಬುವ ಮೊದಲೇ ಅವಳಿ ಹೆತ್ತಿದ್ದಳು. ನೆತ್ತರು ಹೋಗಿ ಸೋತವಳಿಗೆ ಒಂದು ಕೂಸನ್ನು ಎದೆಗಿಟ್ಟುಕೊಳ್ಳುವಷ್ಟೇ ತ್ರಾಣ. ಇನ್ನೊಂದಕ್ಕೆ ಎದೆ ಬೇಕಿತ್ತು. ಔಷಧಿ ಇಳಿಸಲು ಬಂದ ನೀವು ಕೈಗೆ ಸಿಕ್ಕಿದಿರಿ.

“ಅಂಗಿ ಬಿಚ್ಚರಿ ಸಾಬ್ರ,” ಎಂದರು ಸಿಸ್ಟರ್ ಫಕೀರವ್ವ.

“ಅಕ್ಕಾರ, ನಾ ಲಾರಿ ಹೊಡಿಯಾಂವ ರೀ!”

“ಇವತ್ತ ನೀವ ಬಾಣಂತಿ. ಸುಮ್ಕ ಕುಂಡ್ರರಿ, ತಿನ್ನಾಕ ಅಂಟಿನುಂಡಿ ಕೊಡ್ತೀನಿ.”

ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಎದೆಯ ಮೇಲೆ ಅಂಗೈಯಷ್ಟು ಕೂಸು.

ಈಗ ನಮ್ಮಲ್ಲಿ ‘ಎದೆಪಾಳಿ’ ಎಂದಿದೆ. ಅಂದರೆ, ದಿನ ತುಂಬದ ಕೂಸನ್ನು ಊರಿನವರು ಸರದಿಯಂತೆ ಎದೆಗಿಟ್ಟುಕೊಂಡು ಕೂರುವುದು. ಕೂತವರೆಲ್ಲ ಬಾಣಂತಿಯರೇ. ಪೈಲ್ವಾನನಾದರೂ ಕಿವಿಗೆ ಹತ್ತಿ ಕಡ್ಡಾಯ. ನಮ್ಮಣ್ಣ ಅಂಟಿನುಂಡಿಯ ಆಸೆಗೇ ಬೇರೆಯವರ ಪಾಳಿಯನ್ನೂ ಮಾಡುತ್ತಾನೆ.

ಇನ್ನು ಮುಖ್ಯ ವಿಷಯ. ಯುದ್ಧದಿಂದ ಮುಚ್ಚಿದ ರಸ್ತೆ ನಿಮ್ಮಲ್ಲಿ ಇಂದು ಮಧ್ಯಾಹ್ನ ತುಸು ಹೊತ್ತು ತೆರೆಯುತ್ತದೆ. ಜೊತೆಯ ಲಾರಿಗಳು ಹಾರ್ನ್ ಹೊಡೆಯುತ್ತವೆ. ನಿಮಗೆ ಮನೆಯ ನೆನಪಾಗುತ್ತದೆ; ಕೂಸನ್ನು ಸಿಸ್ಟರಿಗೆ ಕೊಟ್ಟು ಹೊರಟುಬಿಡೋಣ ಅನಿಸುತ್ತದೆ. ಅವರ ಎದೆಯ ಮೇಲೆ ಆಗಲೇ ಬೇರೊಂದು ಕೂಸಿದೆ. ಏಳಬೇಡಿ ಅಜ್ಜಾ. ನೀವು ಎದ್ದರೆ ಕೂಸು ತಣ್ಣಗಾಗುತ್ತದೆ. ಅದು ತಣ್ಣಗಾದರೆ ಅದರ ಮಗಳಿಲ್ಲ, ಮೊಮ್ಮಗಳಿಲ್ಲ, ನಾನಿಲ್ಲ, ಈ ಪತ್ರವೂ ಅರ್ಧಕ್ಕೇ ನಿಂ

ಹೆದರಿದಿರಾ? ಇಲ್ಲೇ ಇದ್ದೇನೆ. ಅಂದರೆ ನೀವು ಏಳಲಿಲ್ಲ.

ಸೀನು ಬಂದರೆ ಮೂಗು ಹಿಡಿದುಕೊಳ್ಳಿ. ನಮ್ಮಜ್ಜಿ ಮಲಗಿದ್ದಾಳೆ.