ಚಾಡಿಕೋರ

ಪ್ರೀತಿಯ ಪುಟ್ಟಿ,

ಸಂಜೆ ಐದು ಗಂಟೆ. ಇವತ್ತು ತೊಟ್ಟಿಲಿನ ಬಟ್ಟೆಗಳನ್ನೆಲ್ಲ ಒಗೆದು ಒಣಹಾಕಿದೆ. ಹಾಸಿಗೆಯ ಕೆಳಗಿದ್ದ, ಮಗುವಿನ ಉಸಿರಾಟ ಗಮನಿಸುವ ಸೆನ್ಸರ್ ಪಟ್ಟಿಯನ್ನು ನಿನ್ನ ಮಗುವಿಗೆಂದು ಎತ್ತಿಟ್ಟಿದ್ದೇನೆ. ಕೇಳಲು ನೀನು ಹಿಂಜರಿಯುತ್ತಿದ್ದೀಯ ಎಂದು ಅಮ್ಮ ಹೇಳಿದಳು.

ಅದು ಕೈಕೊಟ್ಟಿತು ಎಂದುಕೊಳ್ಳಬೇಡ. ನಮ್ಮ ಕಂದನ ಉಸಿರು ನಿಂತಾಗ ಅದು ಕೂಗಿತು, ನಾವು ಎದ್ದೆವು, ಆಸ್ಪತ್ರೆಗೂ ತಲುಪಿದೆವು. ಹೃದಯದ ತೊಂದರೆ ಅದರ ಕೈಮೀರಿದ್ದು. ಅದು ಕೂಗಿದ್ದಕ್ಕೇ ಅವನ ಜೊತೆ ನಮಗೆ ಇನ್ನೊಂದು ವಾರ ಸಿಕ್ಕಿತು.

ಮಗುವನ್ನು ಎತ್ತಿಕೊಳ್ಳುವ ಮುಂಚೆ ಸ್ವಿಚ್ ಆರಿಸು. ಇಲ್ಲದಿದ್ದರೆ ಹಾಸಿಗೆ ಖಾಲಿಯಾಯಿತೆಂದು ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ. ನಿನ್ನ ಭಾವ ಅದಕ್ಕೆ ಚಾಡಿಕೋರ ಎಂದೇ ಹೆಸರಿಟ್ಟಿದ್ದರು. ಮಲಗಿದ ಮಗುವನ್ನು ಕದ್ದು ಎತ್ತಿಕೊಂಡು ದಿನವೂ ಸಿಕ್ಕಿಬೀಳುತ್ತಿದ್ದರು. ಬೈದರೆ, "ನಾನಲ್ಲ ಕಣೇ, ಅವನೇ ಬಂದ" ಎನ್ನುತ್ತಿದ್ದರು.

ಮಧ್ಯಾಹ್ನ ಹೊಸ ಬ್ಯಾಟರಿ ಹಾಕಿ, ಸರಿಯಾಗಿದೆಯೇ ಎಂದು ನೋಡಲು ಹಾಸಿಗೆಯ ಮೇಲೆ ಅಂಗೈ ಇಟ್ಟು ತೆಗೆದೆ. ಸ್ವಲ್ಪ ಹೊತ್ತಿಗೆ ಅದು ಕೂಗಿತು.

ಅಡುಗೆಮನೆಯಿಂದ ನಿನ್ನ ಭಾವ, "ನಾನಲ್ಲ ಕಣೇ!" ಎಂದರು.

ಅದನ್ನು ನಿಲ್ಲಿಸಲು ನನಗೆ ಕೈ ಬರಲಿಲ್ಲ. ಅವರೇ ಬಂದು ಆರಿಸಿದರು.

ನಿಮ್ಮ ಮನೆಯಲ್ಲಿ ಕೂಗಿದಾಗಲೆಲ್ಲ ಓಡಿ ಹೋಗಿ ನೋಡು. ಹೆಚ್ಚಿನ ಸಲ ಮಗು ಯಾರದಾದರೂ ತೋಳಲ್ಲೇ ಇರುತ್ತದೆ.

ಇನ್ನೊಂದು ಮಾತು. ಭಾವ ತಾವಾಗಿ ಕೇಳುವುದಿಲ್ಲ. ನೀನೇ ಮಗುವನ್ನು ಅವರ ಕೈಗೆ ಕೊಡು. ನಾಳೆ ಬೆಳಗಿನ ಬಸ್ಸಿಗೆ ಪಟ್ಟಿಯನ್ನೂ ಈ ಕಾಗದವನ್ನೂ ತೆಗೆದುಕೊಂಡು ಬರುತ್ತಾರೆ.

ನಿನ್ನ ಅಕ್ಕ